ವಾಸಿಯಾದ ಗಾಯ

ತೊಂಬತ್ತರ ದಶಕದಲ್ಲಿ ಇಂದಿರಾನಗರದ ಡೈನೋಸಾರ್ ಪ್ರದರ್ಶನವೊಂದರಲ್ಲಿ ಗೈಡ್ ಆಗಿದ್ದೆ. ಸಸ್ಯಾಹಾರಿ ಡೈನೋಸಾರ್ ಒಂದರ, ಹಲ್ಲಿನ ಗುರುತಿದ್ದ ಬಾಲದ ಮೂಳೆಯ ಅಚ್ಚು ತೋರಿಸಿ, "ಬೇಟೆಗಾರ ಡೈನೋಸಾರ್ ಇದನ್ನ ಕಚ್ಚಿ ಕೊಂದುಹಾಕ್ತು" ಅನ್ನುತ್ತಿದ್ದೆ.

ಒಂದು ದಿನ ಮೊಮ್ಮಗಳೊಂದಿಗೆ ಬಂದಿದ್ದ ಒಬ್ಬರು, "ರಸೆಲ್ ಮಾರುಕಟ್ಟೆಯಲ್ಲಿ ನಂದು ಮಟನ್ ಅಂಗಡಿ. ಇದು ಸತ್ತಿಲ್ಲ ಸಾರ್, ತಪ್ಪಿಸ್ಕೊಂಡಿದೆ" ಅಂದರು.

"ಇದು ಕುರಿ ಅಲ್ಲ, ಭಾಯ್" ಅಂದೆ. ಜನ ನಕ್ಕರು. ಹುಡುಗಿ ತಲೆ ತಗ್ಗಿಸಿದಳು.

ಅವರು ಗುರುತಿನ ಮೇಲೆ ಬೆರಳಿಟ್ಟು, "ಕಚ್ಚಿದ ಜಾಗದಲ್ಲಿ ಮೂಳೆ ಮತ್ತೆ ಬೆಳೆದು ಗಂಟಾಗಿದೆ. ಸತ್ತ ಪ್ರಾಣಿಗೆ ಗಾಯ ವಾಸಿ ಆಗುತ್ತಾ?" ಅಂದು ಹೊರಟರು.

ಸಂಜೆ ಕೈಪಿಡಿ ತೆಗೆದರೆ ಅದೇ ಇತ್ತು: ಬೇಟೆಗಾರ ಜೀವಂತ ಪ್ರಾಣಿಯ ಮೇಲೆ ಎರಗಿತ್ತು, ಅದು ತಪ್ಪಿಸಿಕೊಂಡು ಬದುಕಿತ್ತು ಅನ್ನುವುದಕ್ಕೆ ವಾಸಿಯಾದ ಗಾಯವೇ ಪುರಾವೆ.

ಮರುದಿನ ಅಂಗಡಿ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. "ನನಗ್ಯಾಕೆ ಸಾರ್? ಮೊಮ್ಮಗಳಿಗೆ ಹೇಳಿ" ಅಂದರು. ಅವಳು ಶಾಲೆಗೆ ಹೋಗಿದ್ದಾಳೆಂದು ತಿಳಿದು ನನಗೆ ನಿರಾಳವಾಯಿತು. ಇವತ್ತಿಗೂ ನನಗೆ ನಾಚಿಕೆ ಆ ನಿರಾಳದ್ದೇ.