ಹೆಸರು ಅದಲುಬದಲಾಗುವ ಜಾಗ

ಹಿಡಿದ ಕೆಲಸ ಮುಗಿಸದೆ ಬಿಡುವ ಜಾಯಮಾನ ಅವಳದಲ್ಲ. ಉಡದ ಪಟ್ಟು ಎಂದು ಮನೆಯವರು ಅವಳನ್ನು ‘ಉಡ’ ಎಂದೇ ಕರೆಯುತ್ತಿದ್ದರು. ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಅವಳಿಗೆ ಕೆಲಸ. ಗ್ಯಾಲರಿಯ ಸೂರಿಗೆ ಕಟ್ಟಿದ ಕ್ಯಾಮೆರಾದ ವಿಡಿಯೊ ನೋಡಿ, ಯಾವ ಆಟಗಾರ ಎಲ್ಲೆಲ್ಲಿ ಓಡಿದ, ಎಷ್ಟು ಓಡಿದ ಎಂದು ಗೆರೆ ಎಳೆದು ತೋರಿಸುವ ಸಾಫ್ಟ್‌ವೇರನ್ನು ಅವಳೇ ಬರೆದಿದ್ದಳು.

ಒಂದು ಬೆಳಗ್ಗೆ ಕೋಚ್ ಅವಳ ಕೋಣೆಗೆ ದಡದಡ ನುಗ್ಗಿದರು.

“ಏನಮ್ಮಾ ಇದು? ಟೀಮಲ್ಲಿ ಎಲ್ಲರಿಗಿಂತ ಜಾಸ್ತಿ ಓಡಿರೋದು ನಮ್ಮ ಫಾರ್ವರ್ಡ್ ಅಂತಿದೆ ನಿನ್ನ ಕಂಪ್ಯೂಟರು! ಅವನು ಊಟಕ್ಕೆ ಕರೆದ್ರೂ ಓಡಲ್ಲ!”

ಅವಳಿಗೆ ನಗು ಬಂತು. ಗೆರೆಗಳ ಮೇಲೆ ಕಣ್ಣಾಡಿಸಿದಾಗ ಎಡವಟ್ಟು ಗೊತ್ತಾಯಿತು. ಒಂದೇ ಬಣ್ಣದ ಅಂಗಿಯ ಇಬ್ಬರು ಮೈಗೆ ಮೈ ತಾಗುವಂತೆ ಹಾದುಹೋದಾಗ ಇವನ ಹೆಸರು ಅವನಿಗೆ, ಅವನದು ಇವನಿಗೆ ಅಂಟಿಕೊಳ್ಳುತ್ತಿತ್ತು. ಡಿಫೆಂಡರ್ ಬೆವರು ಸುರಿಸಿದ್ದೆಲ್ಲ ಫಾರ್ವರ್ಡ್‌ನ ಪಾಲಾಗಿತ್ತು.

“ಭಾನುವಾರದ ಮ್ಯಾಚಿಗೆ ಮುಂಚೆ ಸರಿ ಮಾಡ್ತೀನಿ ಸರ್.”

“ಆಗುತ್ತಾ?”

“ನಾನೇ ಬರೆದಿದ್ದಲ್ವಾ? ನಾನೇ ದಾರಿಗೆ ತರ್ತೀನಿ.”

ಅಂದು ಸಂಜೆ ಅಕ್ಕನ ಅವಳಿ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕರೆತಂದಳು. ಇಬ್ಬರಿಗೂ ಒಂದೇ ಥರದ ಅಂಗಿ. ಎದುರುಬದುರು ಓಡಿಸಿದಳು. ಒಬ್ಬರನ್ನೊಬ್ಬರು ದಾಟಿದ್ದೇ ತಡ, ಲ್ಯಾಪ್‌ಟಾಪಿನ ಪರದೆಯ ಮೇಲೆ ದೊಡ್ಡವಳ ಹೆಸರು ಚಿಕ್ಕವಳಿಗೆ ಅಂಟಿತ್ತು!

“ಚಿಕ್ಕಮ್ಮಾ, ನಿಂಗೇ ನಮ್ಮ ಗುರುತು ಸಿಗಲ್ಲ, ಪಾಪ ಅದಕ್ಕೇನು ಗೊತ್ತಾಗುತ್ತೆ!” ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅವಳು ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿದಳು. ದಾಟಿದ ಮರುಕ್ಷಣವೇ ಸಾಫ್ಟ್‌ವೇರು ಹತ್ತಿರ ಕಂಡವಳಿಗೆ ಹೆಸರು ಹಚ್ಚಿಬಿಡುತ್ತಿತ್ತು. ಇಷ್ಟು ಆತುರ ಯಾಕೆ? ಇಬ್ಬರೂ ದೂರ ಸರಿಯುವ ತನಕ ತಡೆದು, ಮೊದಲಿನ ವೇಗ, ದಿಕ್ಕುಗಳ ಜೊತೆ ತಾಳೆ ನೋಡಿ ಆಮೇಲೆ ಹೆಸರಿಟ್ಟರಾಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಅದನ್ನು ತಿದ್ದಿದಳು. ಮಕ್ಕಳು ಸುತ್ತು ಹೊಡೆದರು, ಬೇಕೆಂದೇ ಡಿಕ್ಕಿ ಹೊಡೆದರು. ಹೆಸರು ಜಗ್ಗಲಿಲ್ಲ.

ಹಳೆಯ ಪಂದ್ಯವನ್ನು ಮತ್ತೆ ಓಡಿಸಿ ತೋರಿಸಿದಾಗ ಎಲ್ಲರಿಗಿಂತ ಹೆಚ್ಚು ಓಡಿದವನು ಡಿಫೆಂಡರ್ ಎಂದು ಕಂಡು ಕೋಚ್ ತಲೆ ಕೆರೆದುಕೊಂಡರು. “ಈ ಡಿಫೆಂಡರನ್ನ ಬೆಂಚಿಗೆ ಕೂರಿಸೋಣ ಅಂತಿದ್ದೆನಲ್ಲಪ್ಪಾ!”

ಭಾನುವಾರ ಡಿಫೆಂಡರ್ ಕೊನೆಯವರೆಗೂ ಆಡಿದ, ತಂಡ ಗೆದ್ದಿತು. ಮರುದಿನ ಫಾರ್ವರ್ಡ್ ಅವಳ ಬಾಗಿಲಲ್ಲಿ ಇಣುಕಿದ.

“ಮೇಡಂ, ಹಳೇದೇ ಚೆನ್ನಾಗಿತ್ತು.”

“ಓಡಿ ನೋಡು. ಇದರಲ್ಲೂ ಚೆನ್ನಾಗೇ ಕಾಣ್ತೀಯ.”

ಅವನು ನಗುತ್ತಲೇ ಬಗ್ಗಿ ಬೂಟಿನ ದಾರ ಬಿಗಿದುಕೊಂಡ.