ಪರದೆ ತಂದವಳು

ಅಕ್ಕ ಎಂದರೆ ನಮ್ಮ ಟೈಲರ್ ಅಕ್ಕ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವಳು. ದಪ್ಪ ದನಿ, ಅಗಲ ಭುಜ, ಕೊರಳಲ್ಲಿ ಸದಾ ಅಳತೆಯ ಟೇಪು. ಅವಳು ನಡೆದು ಹೋದರೆ ಬೀದಿಯೇ ಒಮ್ಮೆ ತಿರುಗಿ ನೋಡುತ್ತದೆ. ನೋಡಿದರೆ ನನ್ನ ಗಂಟೇನು ಹೋಯಿತು ಎನ್ನುತ್ತಾಳೆ.

ನಾನು ಅದೇ ಬೀದಿಯ ಔಷಧಿ ಅಂಗಡಿಯವಳು. ಹೆಣ್ಣನ್ನು ಮೆಚ್ಚಿದ ಹೆಣ್ಣು. ಇದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಕ್ಕನ ಮುಂದೆ, ಅವಳು ನನ್ನ ತೋಳಿನ ಅಳತೆ ತೆಗೆಯುತ್ತಿದ್ದಾಗ. ಅವಳು ಟೇಪು ಬಿಡದೆಯೇ, "ಕೈ ಸಡಿಲ ಬಿಡು. ಭಾನುವಾರ ಬಾ, ಇನ್ನೂ ಇದ್ದಾರೆ," ಎಂದಳು.

ಹೀಗೆ ಒಬ್ಬೊಬ್ಬರನ್ನಾಗಿ ನಮ್ಮಂಥವರನ್ನು ಸೇರಿಸಿದವಳು ಅವಳು. ಅಂಗಡಿಯ ಮೇಲಿನ ಕೋಣೆ, ಎರಡು ಹೊಲಿಗೆ ಯಂತ್ರ, ಕಾಲು ಚಾಚಿದರೆ ಬಟ್ಟೆಯ ಗಂಟು. ಬರುವವರೆಲ್ಲ ಕೈಯಲ್ಲಿ ಒಂದು ಬಟ್ಟೆ ಹಿಡಿದೇ ಬರಬೇಕೆಂದು ಅವಳ ಕಟ್ಟಪ್ಪಣೆ. ಮನೆ ಮಾಲೀಕನೋ ಯಾರದೋ ಅಣ್ಣನೋ ಮೆಟ್ಟಿಲು ಹತ್ತಿ ಬಂದರೆ ನಾವು ಟೈಲರ್ ಬಳಿ ಬಂದ ಗಿರಾಕಿಗಳು, ಅಷ್ಟೇ. ಮಾತು ಸುಳ್ಳಾಗಬಾರದೆಂದು ಅವಳು ನಿಜಕ್ಕೂ ಹೊಲಿಯುತ್ತಿದ್ದಳು. ನಮ್ಮಲ್ಲೊಬ್ಬನಾದ ಅಂಚೆಯಣ್ಣನ ಒಂದೇ ಪ್ಯಾಂಟು ವಾರವಾರವೂ ಗಿಡ್ಡವಾಗುತ್ತ ಹೋಗಿ ಕೊನೆಗೆ ಚಡ್ಡಿಯಾಯಿತು. ಆ ಕೋಣೆಯಲ್ಲಿ ನಾವು ಅತ್ತಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಯಾರಾದರೂ ಹಾಸಿಗೆ ಹಿಡಿದರೆ ಊಟ ಹೊತ್ತು ಹೋಗುವವರಿದ್ದರು, ಆಸ್ಪತ್ರೆಯಲ್ಲಿ ಸಂಬಂಧಿಕರೆಂದು ಹೇಳಿಕೊಂಡು ಕೂರುವವರೂ ಇದ್ದರು.

ಮೇಷ್ಟ್ರು ಬಂದದ್ದೂ ಹೀಗೆಯೇ. ಒಬ್ಬ ಗಂಡಸನ್ನು ಪ್ರೀತಿಸಿದ್ದು ಗೊತ್ತಾಗಿ ಅಣ್ಣ ಮನೆಯಿಂದ ದಬ್ಬಿದ ಮೇಲೆ ಆ ಚಳಿಗಾಲವಿಡೀ ಅವರು ಮಲಗಿದ್ದು ಅಕ್ಕನ ಅಂಗಡಿಯಲ್ಲಿ. ತಮ್ಮಾ ತಮ್ಮಾ ಎನ್ನುತ್ತ ಅಕ್ಕ ತನ್ನ ತಟ್ಟೆಯ ಅನ್ನವನ್ನೇ ಹಂಚಿದಳು. ಮೇಷ್ಟ್ರು ಓದಿದವರು, ನಾಲ್ಕು ಜನರ ಮುಂದೆ ಮಾತಾಡಬಲ್ಲವರು. ವಾಚನಾಲಯದವರ ಬೆನ್ನು ಬಿದ್ದು ಭಾನುವಾರಗಳಿಗೆ ಅಲ್ಲಿನ ಸಭಾಂಗಣವನ್ನು ಗಿಟ್ಟಿಸಿದವರೂ ಅವರೇ. ಇನ್ನು ಬಟ್ಟೆ ಹಿಡಿದು ಬರುವುದು ಬೇಡ, ನಾವು ಇಂಥವರೆಂದು ಹೇಳಿಯೇ ಕೂರಬಹುದು ಎಂದು ಅವರು ತಿಳಿಸಿದಾಗ ಅಕ್ಕ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅಲ್ಲಿನ ಕಿಟಕಿಗಳಿಗೆಲ್ಲ ಪರದೆ ತಾನೇ ಹೊಲಿಯುತ್ತೇನೆಂದಳು.

ಮೊದಲ ಭಾನುವಾರ ಪರದೆಗಳ ಗಂಟನ್ನು ನಾವಿಬ್ಬರೂ ಹೊತ್ತು ಹೋದೆವು. ಅಕ್ಕ ತನಗೊಂದು ಹೊಸ ಉಡುಪು ಹೊಲಿದುಕೊಂಡಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು, ಪಕ್ಕದಲ್ಲಿ ವಾಚನಾಲಯದ ಕಾರ್ಯದರ್ಶಿ. ಕಾರ್ಯದರ್ಶಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವರೂ ನಿಮ್ಮವರೇ ಎಂದು ಕೇಳಿದರು.

"ಅಲ್ಲ ಸಾರ್, ಇವರು ಟೈಲರ್," ಎಂದರು ಮೇಷ್ಟ್ರು. "ಪರದೆ ಕೊಟ್ಟು ಹೋಗೋಕೆ ಬಂದಿದ್ದಾರೆ."

ನಮ್ಮನ್ನು ಕಾಪಾಡಲೆಂದು ಅವಳು ಹುಡುಕಿದ್ದ ನೆಪವನ್ನೇ ಅವಳ ಮುಖಕ್ಕೆ ಎಸೆದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಹಿಡಿದಳು. ಒಳಗೆ ಕುರ್ಚಿಗಳಲ್ಲಿ ನಮ್ಮವರೆಲ್ಲ ಇದ್ದರು, ಅಂಚೆಯಣ್ಣನೂ ಇದ್ದ. ಒಬ್ಬರೂ ಏಳಲಿಲ್ಲ. ಹೊರನೋಟಕ್ಕೆ ಇಂಥವಳೆಂದು ಗೊತ್ತಾಗದ ನನಗೆ ಮಾತ್ರ ಮೇಷ್ಟ್ರು ಒಳಗೆ ಬನ್ನಿ ಎಂದರು. ಅಕ್ಕ ಗಂಟನ್ನು ಹೊಸ್ತಿಲ ಮೇಲಿಟ್ಟು, ಇಸ್ತ್ರಿ ಮಾಡಿಸಿ ಹಾಕಿ ಎಂದು ಗಿರಾಕಿಗಳಿಗೆ ಹೇಳುವಂತೆಯೇ ಹೇಳಿ ಹಿಂದಿರುಗಿದಳು. ನಾನೂ ಅವಳ ಜೊತೆಗೇ ಬಂದುಬಿಟ್ಟೆ.

ಮಾರನೆಯ ದಿನ ಮೇಷ್ಟ್ರು ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ. ಸಮಜಾಯಿಷಿ ಮಾರುದ್ದ ಇತ್ತು. ಎದ್ದು ಕಾಣುವಂಥವರು ಬೇಡವೆಂಬ ಷರತ್ತಿನ ಮೇಲೆ ಸಭಾಂಗಣ ಸಿಕ್ಕಿದ್ದಂತೆ. ನಮ್ಮಿಬ್ಬರನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತಂತೆ, ಎಲ್ಲರೂ ಒಪ್ಪಿದ್ದರಂತೆ, ಅಕ್ಕನಿಗೆ ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲವಂತೆ. ಸ್ವಲ್ಪ ಕಾಲ ತಡೆದರೆ ನಿಧಾನಕ್ಕೆ ಅವಳನ್ನೂ ಸೇರಿಸಿಕೊಳ್ಳುತ್ತಾರಂತೆ. ಅವಳು ಕಟ್ಟಿದ್ದಕ್ಕೆ ಅವಳನ್ನೇ ಸೇರಿಸಿಕೊಳ್ಳುವ ಔದಾರ್ಯ ಇವರದು.

ಅಕ್ಕ ಯಂತ್ರ ನಿಲ್ಲಿಸಿ ತಲೆಯೆತ್ತಿದಳು.

"ನಮ್ಮಪ್ಪ ನನ್ನನ್ನ ಹೊರಗೆ ಹಾಕಿದಾಗ, ನಾನು ಏನು ಅಂತ ಅವನಿಗೆ ಅರ್ಥ ಆಗಿರಲಿಲ್ಲ. ಅದಕ್ಕೇ ಅವನನ್ನ ಎಂದೋ ಕ್ಷಮಿಸಿಬಿಟ್ಟೆ. ನಿಮಗೆ ಅರ್ಥ ಆಗಿತ್ತು, ಮೇಷ್ಟ್ರೇ."