ಓದಿ ನೋಡಿದ್ದೇನೆ, ಸರಿಯಾಗಿದೆ

ವಿಚಾರಣೆಗೆ ಮುಂಚೆ ಎದುರು ಪಕ್ಷದ ದಾಖಲೆಗಳನ್ನು ನಾವೂ ನೋಡಬಹುದಂತೆ. ನಮ್ಮ ಲಾಯರ್ ಹುಡುಗಿ ಇದಕ್ಕೆ ‘ಇನ್ಸ್‌ಪೆಕ್ಷನ್’ ಎಂದಾಗ ನನಗೆ ಖುಷಿಯೇ ಆಯಿತು. ಕಾನ್ವೆಂಟಿನಲ್ಲಿ ಉಗುರು, ರಿಬ್ಬನ್ನು, ಕರ್ಚೀಫು ಎಲ್ಲದಕ್ಕೂ ಇನ್ಸ್‌ಪೆಕ್ಷನ್ ಇತ್ತು. ನಾನು ಒಮ್ಮೆಯೂ ಫೇಲಾದವಳಲ್ಲ.

ಎದುರು ಪಕ್ಷ ಎಂದರೆ ನಮ್ಮ ತಮ್ಮ. ಹಂದನಕೆರೆ ಹತ್ತಿರದ ಅಪ್ಪನ ತೆಂಗಿನ ತೋಟದಲ್ಲಿ ಪಾಲು ಕೊಡು ಎಂದು ಅಕ್ಕನೂ ನಾನೂ ದಾವೆ ಹಾಕಿದ್ದೆವು. ಚಿಕ್ಕಕ್ಕ, ಅಂದರೆ ನಾನು, ಎಂದೋ ತನ್ನ ಹಕ್ಕು ಬಿಟ್ಟುಕೊಟ್ಟಿದ್ದಾಳೆ, ಪತ್ರ ಇದೆ ಎಂದು ಅವನ ಉತ್ತರ. ಅಪ್ಪ ತೀರಿಕೊಂಡ ವರ್ಷ, ಖಾತೆ ಬದಲಾವಣೆಗೆ ಎಂದು ಅವನು ಕೊಟ್ಟ ಕಾಗದಕ್ಕೆ ಸೈನ್ ಹಾಕಿದ್ದು ನನಗೆ ನೆನಪಿತ್ತು. ಹಕ್ಕು ಬಿಟ್ಟದ್ದು ನೆನಪಿರಲಿಲ್ಲ. ಆ ಪತ್ರ ಶುದ್ಧ ಫೋರ್ಜರಿ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ತಿಪಟೂರಿನಲ್ಲಿ ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಲಾಯರ್ ಆಫೀಸು. ಅಕ್ಕ, ಲಾಯರ್ ಹುಡುಗಿ, ನಾನು ಮೂವರೂ ಮೆಟ್ಟಿಲು ಹತ್ತಿದೆವು. ತಮ್ಮ ಆಗಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದ. “ಬಾ ಚಿಕ್ಕಕ್ಕ, ಕನ್ನಡಕ ತಂದಿದೀಯ ತಾನೇ?” ಎಂದ. ಮ್ಯಾನರ್ಸ್ ಎಂಬುದು ತೋಟದಲ್ಲಿ ಬೆಳೆಯುವುದಿಲ್ಲ.

ಅಸಲು ಪತ್ರ ಕೈಗೆ ಬಂತು. ಪ್ರತಿ ಪುಟದ ಕೆಳಗೂ ನನ್ನ ಸೈನ್. ಕಾನ್ವೆಂಟಿನ ಸಿಸ್ಟರ್ ಒಬ್ಬರು ನನ್ನ ಕೈಹಿಡಿದು ತಿದ್ದಿಸಿದ ಕರ್ಸಿವ್, ಆ ದುಂಡನೆಯ ಲೂಪುಗಳು. ಈಗಿನ ನನ್ನ ನಡುಗುವ ಕೈಗೆ ಅವು ಬರುವುದಿಲ್ಲ; ಒಂದು ಕ್ಷಣ ಕೇಸು ಮರೆತು ನೋಡುತ್ತ ಕೂತೆ. ಕೊನೆಯ ಪುಟದಲ್ಲಿ ಸೈನಿನ ಮೇಲೆ, ಯಾರೂ ಕೇಳದಿದ್ದರೂ, ಇಂಗ್ಲಿಷಿನಲ್ಲಿ ನಾನೇ ಒಂದು ಸಾಲು ಸೇರಿಸಿದ್ದೆ: ‘ಓದಿ ನೋಡಿದ್ದೇನೆ, ಸರಿಯಾಗಿದೆ.’

ಓದಿರಲಿಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಂದು ನನಗೊಂದು ಪತ್ರ, ಅಕ್ಕನಿಗೊಂದು ಪತ್ರ ರೆಡಿಯಾಗಿತ್ತು. ಅಕ್ಕನಿಗೆ ಓದು ಬಾರದು. “ಏನ್ ಬರ್ದವ್ರೆ, ಓದಿ ಹೇಳೇ” ಎಂದು ನನ್ನ ಸೆರಗು ಜಗ್ಗಿದಳು. ಅಷ್ಟು ಜನರೆದುರು ಒಡಹುಟ್ಟಿದವನ ಕಾಗದವನ್ನು ಸಾಲುಸಾಲಾಗಿ ಓದುವುದೇ? ಎಷ್ಟು ಚೀಪ್! “ಸುಮ್ನಿರೇ” ಎಂದು ಗದರಿ ಸೈನ್ ಹಾಕಿದೆ. ಓದಿ ಹೇಳುವವರೆಗೂ ಒತ್ತುವುದಿಲ್ಲ ಎಂದು ಅವಳು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಇಟ್ಟುಕೊಂಡೇ ಹೊರಗೆ ಬಂದಳು. ಅವಳ ಪಾಲಿಗೆ ಇವತ್ತಿಗೂ ಏನೂ ಆಗಿಲ್ಲ.

ಇದನ್ನು ಪಿಸುಗುಟ್ಟಿದಾಗ ಲಾಯರ್ ಹುಡುಗಿಯೂ ನನ್ನ ಕಿವಿಯಲ್ಲಿ ಹೇಳಿದಳು: “ಮೇಡಂ, ಫೋರ್ಜರಿ ಅನ್ನೋದು ಇನ್ನು ನಿಲ್ಲಲ್ಲ. ಖಾತೆ ಕಾಗದ ಅಂತ ನಂಬಿಸಿ ಸೈನ್ ಹಾಕಿಸ್ಕೊಂಡ ಅನ್ನಬಹುದು. ಆದ್ರೆ ಪತ್ರ ಓದದೇ ಈ ಸಾಲು ಬರೆದೆ ಅಂತ ಕೋರ್ಟಲ್ಲಿ ನಿಂತು ನೀವೇ ಹೇಳ್ಬೇಕು.”

ಎಲ್ಲರೆದುರು! ಮದುವೆ ಕಾರ್ಡಿನ ಇಂಗ್ಲಿಷ್ ತಿದ್ದಿಸಿಕೊಳ್ಳಲು ನನ್ನ ಬಾಗಿಲಿಗೆ ಬಂದವರೇ ಆ ಕೋರ್ಟಿನಲ್ಲಿ ಅರ್ಧ ಜನ. ತೋಟ ಹೋದರೆ ಹೋಗಲಿ ಎಂದು ನಿಜವಾಗಿಯೂ ಅನ್ನಿಸಿತು.

“ಹೇಳ್ಬುಡೇ,” ಎಂದಳು ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಅಕ್ಕ, ಇಡೀ ಆಫೀಸಿಗೆ ಕೇಳುವಂತೆ. “ಓದಕ್ ಬರಲ್ಲ ಅಂತ ನಾನು ಜೀವ್ನೆಲ್ಲ ಹೇಳ್ಕಂಡ್ ಬಂದಿದೀನಿ. ಏನಾಗೈತೆ ನಂಗೆ?”

ನಾನು ಕನ್ನಡಕ ತೆಗೆದೆ. “ಆಯ್ತು. ಓದಲಿಲ್ಲ ಅಂತಲೇ ಬರ್ಕೊಳಮ್ಮ.”

ತಮ್ಮ ಜೋರಾಗಿ ನಕ್ಕ. “ಚಿಕ್ಕಕ್ಕ ಓದ್ದೆ ಸೈನ್ ಹಾಕಿದ್ಲು ಅಂದ್ರೆ ಯಾವ ಜಡ್ಜು ನಂಬ್ತಾರೆ? ಸಾಕ್ಷಿ ಯಾರವ್ರೆ?”

“ನಾನಿಲ್ವೇನ್ಲಾ? ಪಕ್ಕದಲ್ಲೇ ನಿಂತಿದ್ದೆ. ಒಂದಕ್ಷರನೂ ನೋಡ್ಲಿಲ್ಲ ಇವ್ಳು. ಪೆನ್ನು ಸರಿಯಿಲ್ಲ, ಬೇರೆ ಕೊಡಿ ಅಂತ ಜೋರು ಮಾಡಿದ್ಲು, ಅಷ್ಟೇ.”

ತಮ್ಮನ ನಗು ನಿಂತಿತು. ಲಾಯರ್ ಹುಡುಗಿ ಸರಸರನೆ ಬರೆಯತೊಡಗಿದಳು. “ಅಜ್ಜಿ, ಪೆನ್ನಿನ ವಿಷಯ ಕೋರ್ಟಲ್ಲಿ ಮರೀಬೇಡಿ.”

“ಅದೆಂಗೆ ಮರೀಲಿ ತಾಯಿ? ಬಸ್ಸಲ್ಲಿ ಊರ್ ಬರೋಗಂಟ ನನ್ನೇ ದಡ್ಡಿ ಅಂತ ಬೈಕಂಡ್ ಬಂದ್ಲು.”

ಹುಡುಗಿ ಅದನ್ನೂ ಬರೆದುಕೊಂಡಳು.